ರಾಕ್ಷಸ ಸುಮ್ಮನಾದ ಮೇಲೆ

ಮೆಟಲ್ ಸಂಗೀತ ಕೇಳುವವರಲ್ಲಿ ಒಂದು ಕಟ್ಟಳೆಯಿದೆ. ಯಾವ ಬ್ಯಾಂಡೇ ಆಗಲಿ, ಅದರ ಮೊದಲ ಆಲ್ಬಮ್ಮೇ ಶ್ರೇಷ್ಠ. ಎರಡನೆಯದು ಬಂತೆಂದರೆ ಅವರು ಕೆಟ್ಟರು ಅಂತಲೇ ಅರ್ಥ. ಅದರಲ್ಲಿ ಪಿಯಾನೊ ಕೇಳಿಸಿತೋ, ಪೂರ್ತಿ ಕುಲಗೆಟ್ಟರು. ಪ್ರೀತಿ, ವಿರಹ, ಹೂವು, ಮಳೆ ಇವುಗಳಲ್ಲಿ ಒಂದಾದರೂ ಹಾಡಿನೊಳಗೆ ನುಸುಳಿದರೆ ಅಂಥವರನ್ನು ಪಂಕ್ತಿಯಿಂದಲೇ ಎಬ್ಬಿಸಿಬಿಡಬೇಕು. ಕರಿ ಟೀ ಶರ್ಟು ಹಾಕಿಕೊಂಡು, ಉದ್ದ ಕೂದಲು ಬಿಟ್ಟುಕೊಂಡು, ಜಗತ್ತಿನ ಯಾವ ನಿಯಮಕ್ಕೂ ತಾವು ಬಗ್ಗುವವರಲ್ಲ ಎಂದು ಓಡಾಡುವ ಈ ಹುಡುಗರ ಮಡಿ ನೋಡಿದರೆ ನನಗೆ ಆಶ್ಚರ್ಯವಾಗುತ್ತದೆ. ಇಷ್ಟು ಮಡಿ ನಮ್ಮಜ್ಜಿಗೂ ಇರಲಿಲ್ಲ.

ನಾನಂತೂ ಎರಡನೇ ಆಲ್ಬಮ್ಮಿನ ಪಕ್ಷದವನು. ಅದರಲ್ಲೂ ನೆದರ್‌ಲೆಂಡ್ಸ್‌ನ ‘ವಿದಿನ್ ಟೆಂಪ್ಟೇಶನ್’ ಬ್ಯಾಂಡಿನ ಎರಡನೇ ಆಲ್ಬಮ್ ‘ಮದರ್ ಅರ್ಥ್’ ವಿಚಾರದಲ್ಲಿ ರಾಜಿಯೇ ಇಲ್ಲ.

1996ರಲ್ಲಿ ಈ ಬ್ಯಾಂಡನ್ನು ಕಟ್ಟಿದ್ದು ಗಾಯಕಿ ಶರೋನ್ ಡೆನ್ ಆಡೆಲ್ ಮತ್ತು ಅವಳ ಜೀವನಸಂಗಾತಿ, ಗಿಟಾರ್ ವಾದಕ ರಾಬರ್ಟ್ ವೆಸ್ಟರ್‌ಹೋಲ್ಟ್. ಮರುವರ್ಷ, 1997ರಲ್ಲಿ, ಮೊದಲ ಆಲ್ಬಮ್ ‘ಎಂಟರ್’ ಬಂತು. ಆ ದಿನಗಳಲ್ಲಿ ಯುರೋಪಿನ ಗಾಥಿಕ್ ಮೆಟಲ್‌ನಲ್ಲಿ ಒಂದು ಪಾಕ ಚೆನ್ನಾಗಿ ಕುದಿಯುತ್ತಿತ್ತು. ನಾರ್ವೆಯ ‘ಥಿಯೇಟರ್ ಆಫ್ ಟ್ರಾಜಿಡಿ’ಯಂಥ ಬ್ಯಾಂಡ್‌ಗಳು ಅದನ್ನು ಎಲ್ಲರ ನಾಲಿಗೆಗೂ ಹತ್ತಿಸಿದ್ದವು: ಹೆಣ್ಣು ಇಂಪಾಗಿ ಹಾಡಬೇಕು, ಗಂಡು ಗುರುಗುಟ್ಟಬೇಕು. ‘ಬ್ಯೂಟಿ ಆಂಡ್ ದ ಬೀಸ್ಟ್’ ಶೈಲಿ ಅಂತ ಅದಕ್ಕೆ ಹೆಸರು. ಯಕ್ಷಗಾನ ನೋಡಿದವರಿಗೆ ಇದರಲ್ಲಿ ಹೊಸತೇನೂ ಇಲ್ಲ. ಸ್ತ್ರೀವೇಷ ಒಂದು ಕಡೆ ಬಳುಕುತ್ತಿರುವಾಗ ಬಣ್ಣದ ವೇಷ ಬೊಬ್ಬೆ ಹೊಡೆದುಕೊಂಡು ನುಗ್ಗಿ ಬರುವುದಿಲ್ಲವೇ, ಹಾಗೆ. ವ್ಯತ್ಯಾಸ ಇಷ್ಟೇ, ಇಲ್ಲಿ ರಾಕ್ಷಸನ ಕೈಯಲ್ಲಿ ಗಿಟಾರು, ಮತ್ತು ಆಟ ಮುಗಿದ ಮೇಲೆ ಇಬ್ಬರೂ ಒಂದೇ ಮನೆಗೆ ಹೋಗುತ್ತಾರೆ.

ಗುರುಗುಟ್ಟುವುದು ಸುಲಭ ಅಂದುಕೊಳ್ಳಬೇಡಿ. ನಾವೆಲ್ಲ ಮಾತಾಡಲು ಬಳಸುವ ಧ್ವನಿತಂತುಗಳ ಮೇಲ್ಗಡೆ ಇನ್ನೊಂದು ಜೊತೆ ಮಡಿಕೆಗಳಿರುತ್ತವೆ. ಗ್ರೌಲ್ ಮಾಡುವವರು ಹೊಟ್ಟೆಯಿಂದ ಉಸಿರೆತ್ತಿ ಅವುಗಳನ್ನು ನಡುಗಿಸುತ್ತಾರೆ. ಪಟ್ಟು ಗೊತ್ತಿಲ್ಲದೆ ಬರೀ ಹುಮ್ಮಸ್ಸಿನಿಂದ ಇಳಿದರೆ ಮಾರನೆಯ ದಿನ ಕಾಫಿ ಕೇಳಲೂ ದನಿ ಇರುವುದಿಲ್ಲ. ಈ ಶಾಸ್ತ್ರವನ್ನೆಲ್ಲ ನಾನು ಅಮ್ಮನಿಗೆ ವಿವರವಾಗಿ ಹೇಳಿದೆ. ಅಮ್ಮ ‘ಎಂಟರ್’ನ ಒಂದು ಹಾಡನ್ನು ಬೀನ್ಸ್ ಸೋಸುತ್ತಾ ಪೂರ್ತಿ ಕೇಳಿಸಿಕೊಂಡಳು. ಕೊನೆಗೆ, “ಹುಡುಗಿ ಪಾಪ ಚೆನ್ನಾಗೇ ಹಾಡ್ತಾಳೆ ಕಣೋ. ಆ ಗಂಡಸಿಗೆ ಏನು ಸಂಕಟವೋ, ಯಾರಾದ್ರೂ ಒಂದು ಲೋಟ ಜೀರಿಗೆ ಕಷಾಯ ಕೊಡಬಾರದಾ?” ಅಂದಳು.

ಅಮ್ಮನ ಮಾತು ಅಷ್ಟು ದೂರ ತಲುಪಿರಲಾರದು. ಆದರೂ 2000ದ ಡಿಸೆಂಬರಿನಲ್ಲಿ ‘ಮದರ್ ಅರ್ಥ್’ ಹೊರಬಂದಾಗ ಆ ಗಂಡಸಿನ ಸಂಕಟ ಸಂಪೂರ್ಣ ವಾಸಿಯಾಗಿತ್ತು! ವೆಸ್ಟರ್‌ಹೋಲ್ಟ್ ಗುರುಗುಟ್ಟುವುದನ್ನು ಬಿಟ್ಟು ಗಿಟಾರು ಹಿಡಿದು ಪಕ್ಕಕ್ಕೆ ನಿಂತಿದ್ದ. ‘ಎಂಟರ್’ನ ಹಾಡುಗಳು ಕಾರ್ತಿಕದ ಕತ್ತಲಲ್ಲಿ ತಡವರಿಸುತ್ತಾ ನಡೆದರೆ, ಇಲ್ಲಿ ಕೀಬೋರ್ಡು ಬೆಳಕು ಚೆಲ್ಲುತ್ತದೆ, ಹಿಂದಿನಿಂದ ಸಮೂಹಗಾಯನ ಎದ್ದು ಬರುತ್ತದೆ, ನಡುನಡುವೆ ಐರಿಷ್ ಜನಪದದ ವಾಸನೆ ತೇಲುತ್ತದೆ. ಎಲ್ಲದರ ಮೇಲೆ ಶರೋನಳದೊಂದೇ ದನಿ.

“ಮಗಾ, ಮುಗೀತು. ಮಾರ್ಕೊಂಡ್ಬಿಟ್ರು,” ಅಂದ ನನ್ನ ಗೆಳೆಯ. ಅವನ ಬೀರುವಿನಲ್ಲಿ ಮದುವೆಗೆ ಕೊಡಿಸಿದ ಕೆನೆಬಣ್ಣದ ಶರ್ಟೊಂದನ್ನು ಬಿಟ್ಟರೆ ಉಳಿದದ್ದೆಲ್ಲ ಕಪ್ಪು. “ಯಾರಿಗೆ ಮಾರ್ಕೊಂಡ್ರೋ?” ಅಂದರೆ ಉತ್ತರವಿಲ್ಲ. “ರೊಮ್ಯಾಂಟಿಕ್ ಆಗ್ಬಿಟ್ರು ಮಗಾ,” ಅಂತ ತಲೆ ಅಲ್ಲಾಡಿಸಿದ. ಯಾರೋ ಹತ್ತಿರದವರು ಕುಡಿತಕ್ಕೆ ಬಿದ್ದ ಸುದ್ದಿ ಹೇಳುವವನ ಮುಖ ಹೇಗಿರುತ್ತದೋ ಹಾಗಿತ್ತು ಅವನ ಮುಖ.

ರೊಮ್ಯಾಂಟಿಕ್ ಆದದ್ದು ನಿಜ. ಆದರೆ ಇಲ್ಲಿ ಮರ ಸುತ್ತುವ ನಾಯಕ, ನಾಯಕಿ ಇಲ್ಲ, ಮರಗಳೇ ಇವೆ. ಹೆಸರೇ ಹೇಳುವಂತೆ ಆಲ್ಬಮ್ಮಿನ ಮೋಹವೆಲ್ಲ ಭೂಮಿಯ ಮೇಲೆ, ಋತುಗಳ ಮೇಲೆ, ಕಾಡಿನ ಮೇಲೆ. ‘ಅವರ್ ಫೇರ್‌ವೆಲ್’ ಎಂಬ ವಿದಾಯದ ಹಾಡು ಶುರುವಾಗುವುದೇ ಪಿಯಾನೊದಿಂದ. ಶರೋನಳ ದನಿ ಬಂದ ಮೇಲೂ ಗಿಟಾರುಗಳು ಅವಸರಪಡುವುದಿಲ್ಲ, ಸಾವಿನ ಮನೆಗೆ ಬಂದ ದೊಡ್ಡ ಗಾತ್ರದ ನೆಂಟರು ಬಾಗಿಲಲ್ಲೇ ನಿಂತು ಚಪ್ಪಲಿ ಬಿಡುತ್ತಾರಲ್ಲ, ಅಷ್ಟು ಸಂಕೋಚ ಅವುಗಳಿಗೆ. ಇಡೀ ಆಲ್ಬಮ್ ಹೀಗೇ ಕಣ್ಣೊರೆಸಿಕೊಳ್ಳುತ್ತದೆ ಎಂದೇನಲ್ಲ. ‘ಡಿಸೀವರ್ ಆಫ್ ಫೂಲ್ಸ್’ ಏಳು ನಿಮಿಷ ದಾಟುವ ಹಾಡು, ‘ಡಾರ್ಕ್ ವಿಂಗ್ಸ್’ನಲ್ಲಿ ಗಿಟಾರುಗಳು ಸಂಕೋಚ ಬಿಟ್ಟು ಒಳಗೇ ಬರುತ್ತವೆ.

ನನ್ನ ಗೆಳೆಯನ ಕಿವಿಗೆ ಬೀಳದ ಸಂಗತಿ ಇನ್ನೊಂದಿದೆ. ಮೊದಲ ಆಲ್ಬಮ್ಮಿನಲ್ಲಿ ಸಿಟ್ಟೆಲ್ಲ ಗಂಡಸಿನ ಖಾತೆಗೆ, ಕಣ್ಣೀರೆಲ್ಲ ಹೆಂಗಸಿನ ಖಾತೆಗೆ ಜಮೆಯಾಗಿತ್ತು. ಇದು ಬಹಳ ಹಳೆಯ ಲೆಕ್ಕ. ಎಷ್ಟೋ ಮನೆಗಳಲ್ಲಿ ಈಗಲೂ ಇದೇ ಪುಸ್ತಕ ಚಾಲ್ತಿಯಲ್ಲಿದೆ. ಗಂಡಸು ಸುಮ್ಮನಾದದ್ದೇ ತಡ, ಎರಡೂ ಖಾತೆ ಅವಳ ಕೈಗೆ ಬಂದವು. ‘ಐಸ್ ಕ್ವೀನ್’ ಕೇಳಿ. ಮಂಜಿನ ರಾಣಿ ಎಂದರೆ ಅಲ್ಲಿ ಚಳಿಗಾಲ. ನಡೆದಲ್ಲೆಲ್ಲ ಹಸಿರನ್ನು ಕೊಲ್ಲುತ್ತಾ ಬರುವವಳು. ಶರೋನ್ ಗಂಟಲು ಕೆರೆಯದೆ, ಹಲ್ಲು ಕಚ್ಚದೆ, ದನಿಯನ್ನು ಮೇಲಕ್ಕೆ ಮೇಲಕ್ಕೆ ಒಯ್ದೇ ಆ ಭಯ ಹುಟ್ಟಿಸುತ್ತಾಳೆ. ಕೂಗಾಡುವ ಹೆಡ್‌ಮಾಸ್ಟರಿಗಿಂತ ಮೆಲುದನಿಯಲ್ಲಿ “ನಾಳೆ ನಿಮ್ಮ ತಂದೆಯವರನ್ನು ಕರ್ಕೊಂಡು ಬಾ” ಅನ್ನುವ ಮೇಡಮ್ಮಿಗೆ ಹೆದರಿದವರಿಗೆಲ್ಲ ಇದು ಅರ್ಥವಾಗುತ್ತದೆ. ಮೆತ್ತಗಾದರು ಅಂತ ಯಾರನ್ನು ದೂರುತ್ತಿದ್ದಾರೋ ಅವರು ಹೀಗೆ ಇನ್ನೊಂದು ದಾರಿಯಲ್ಲಿ ಗಟ್ಟಿಯಾಗಿದ್ದರು.

ಜನಕ್ಕೆ ಇದು ಬೇಗ ತಿಳಿಯಿತು. ‘ಐಸ್ ಕ್ವೀನ್’ 2001ರಲ್ಲಿ ಸಿಂಗಲ್ ಆಗಿ ಬಂದು ನೆದರ್‌ಲೆಂಡ್ಸ್‌ನ ಪಟ್ಟಿಯಲ್ಲಿ 2ನೇ ಸ್ಥಾನಕ್ಕೇರಿತು. ಗುರುಗುಟ್ಟುವ ಸಂಗೀತವನ್ನು ಹೊಸಿಲು ದಾಟಲು ಬಿಡದ ರೇಡಿಯೊಗಳು ಈ ಹಾಡನ್ನು ಒಳಗೆ ಕರೆದು ಕೂರಿಸಿದವು. ಫ್ಯಾಷನ್ ಓದಿ ಅದೇ ಉದ್ಯಮದಲ್ಲಿ ಕೆಲಸಕ್ಕಿದ್ದ ಶರೋನ್ ವೇದಿಕೆಯ ಉಡುಪುಗಳನ್ನು ತಾನೇ ವಿನ್ಯಾಸ ಮಾಡಿಕೊಳ್ಳುತ್ತಿದ್ದಳು. ನೆಲ ಗುಡಿಸುವ ಆ ನಿಲುವಂಗಿಗಳಲ್ಲಿ ಅವಳು ಕೈ ಬೀಸುತ್ತಾ ನಿಂತರೆ, ಹಿಂದೆ ನಿಂತ ಉದ್ದಗೂದಲಿನವರು ಮದುವೆ ಮನೆಯ ವಾಲಗದವರ ಹಾಗೆ ತಮ್ಮ ಪಾಡಿಗೆ ಬಾರಿಸುತ್ತಿದ್ದರು.

ನನ್ನ ಗೆಳೆಯನಿಗೆ ಸಮಾಧಾನವಿಲ್ಲ, ನಿಜ. ಆದರೆ ಅವನ ಹೆಂಡತಿ ಹೇಳುವ ಪ್ರಕಾರ ರಾತ್ರಿ ಔಟರ್ ರಿಂಗ್ ರೋಡಿನ ಟ್ರಾಫಿಕ್ಕಿನಲ್ಲಿ ಕಾರಿನ ಗಾಜು ಏರಿಸಿ ಅವನು ಕೇಳುವುದು ‘ಅವರ್ ಫೇರ್‌ವೆಲ್ಲೇ’ ಅಂತೆ. ಈ ಬಗ್ಗೆ ನಾನು ಅವನನ್ನು ಕೇಳಿಲ್ಲ. ಡೆತ್ ಮೆಟಲ್ ಇಷ್ಟ ಅಂತ ನಾಲ್ಕು ಜನರ ಮುಂದೆ ಹೇಳಲು ಒಂದು ಟೀ ಶರ್ಟು ಸಾಕು. ಒಂದು ವಿದಾಯದ ಹಾಡು ಇಷ್ಟ ಅಂತ ಅದೇ ನಾಲ್ಕು ಜನರ ಮುಂದೆ ಹೇಳಲು ಗುಂಡಿಗೆ ಬೇಕು. ಅದು ಇನ್ನೂ ಯಾವ ಅಂಗಡಿಯಲ್ಲೂ ಎಕ್ಸೆಲ್ ಸೈಜಿನಲ್ಲಿ ಸಿಗುತ್ತಿಲ್ಲ.

ಅವನಂಥವರಿಗೂ ಒಳ್ಳೆಯ ಕಾಲ ಬಂತೆನ್ನಿ. 2011ರಲ್ಲಿ ವೆಸ್ಟರ್‌ಹೋಲ್ಟ್ ಊರೂರು ತಿರುಗುವ ಕಛೇರಿಗಳಿಂದ ಹಿಂದೆ ಸರಿದ. ಹಾಡು ಕಟ್ಟುವ ಕೆಲಸ ಬಿಡಲಿಲ್ಲ. ಮಕ್ಕಳನ್ನು ನೋಡಿಕೊಳ್ಳಲು ಮನೆಯಲ್ಲಿ ಉಳಿದ, ಶರೋನ್ ಬ್ಯಾಂಡು ಕಟ್ಟಿಕೊಂಡು ಲೋಕ ಸುತ್ತಿದಳು. ಮುಂದೆ 2014ರ ‘ಹೈಡ್ರಾ’ ಆಲ್ಬಮ್ಮಿನ ‘ಸಿಲ್ವರ್ ಮೂನ್‌ಲೈಟ್’ ಹಾಡಿನಲ್ಲಿ ಆ ಹಳೆಯ ರಾಕ್ಷಸ ಮತ್ತೆ ಬಾಯಿಬಿಟ್ಟ. ಬ್ಯಾಂಡು ಬೇರುಗಳಿಗೆ ಮರಳಿತು ಎಂದು ಗೆಳೆಯ ಹಬ್ಬ ಮಾಡಿದ. ಬೇರಿನ ವಿಚಾರ ನನಗೆ ತಿಳಿಯದು. ಮೂರು ಮಕ್ಕಳಿಗೆ ಬೆಳಿಗ್ಗೆ ಸ್ನಾನ ಮಾಡಿಸಿ, ತಿಂಡಿ ತಿನ್ನಿಸಿ, ಹೊತ್ತಿಗೆ ಸರಿಯಾಗಿ ಸ್ಕೂಲಿಗೆ ಹೊರಡಿಸಬೇಕಾದ ಯಾವ ತಂದೆಗೆ ತಾನೇ ಗುರುಗುಟ್ಟುವುದು ಮರೆತುಹೋದೀತು?