ಎಸ್.ಪಿ. ರಸ್ತೆಯ ಜಿಯಾನ್ ಶಾಸನ: ಒಂದು ತೌಲನಿಕ ಅಧ್ಯಯನ

ಸ್ವಸ್ತಿ. ಬೆಂಗಳೂರಿನ ಎಸ್.ಪಿ. ರಸ್ತೆಯ ಅಂಗಡಿಯೊಂದರ ಅಟ್ಟದಲ್ಲಿ, ಧೂಳಿನ ಮೂರನೆಯ ಸ್ತರದಲ್ಲಿ, ಪ್ರಸ್ತುತ ಸಂಶೋಧಕನಿಗೆ ಒಂದು ಜೋಡಿ ಲೋಹಫಲಕಗಳು ದೊರೆತವು. ಪಾಠ: ‘ಇಂಟೆಲ್ ಜಿಯಾನ್ ಇ5-2670, ಎಸ್‌ಆರ್0ಕೆಎಕ್ಸ್, 2.60 ಗಿಗಾಹರ್ಟ್ಸ್.’ ಮುಂದಿನ ಸಾಲು ಸವೆದಿದೆ. ಲಿಪಿ ರೋಮನ್. ದಾನಿ ಯಾವುದೋ ಡೇಟಾ ಸೆಂಟರು. ಈ ವಂಶ ಪಟ್ಟಕ್ಕೆ ಬಂದದ್ದು 2012ರ ಮಾರ್ಚಿನಲ್ಲಿ. ಶಾಪಾಶಯ ಭಾಗ ಫಲಕದಲ್ಲಿಲ್ಲ. ಅದು ಮನೆಗೆ ತಂದ ಮೇಲೆ ಮಡದಿಯ ಬಾಯಲ್ಲಿ ದೊರೆಯಿತು.

ಎಸ್‌ಆರ್ ಆದಮೇಲಿನದು ಸೊನ್ನೆಯೋ ‘ಓ’ ಅಕ್ಷರವೋ ಎಂದು ಅಂಗಡಿಯವರೊಡನೆ ಅರ್ಧ ಗಂಟೆ ವಾದವಾಯಿತು. ಸೊನ್ನೆಯೇ. ಅದರ ಮುಂದಿನ ಎರಡಕ್ಷರದಲ್ಲಿ ಮಾತ್ರ ನಿಜವಾದ ಗುಟ್ಟಿದೆ. ಅಲ್ಲಿ ‘ಎಚ್8’ ಎಂದಿದ್ದರೆ ಅದು ಹಿಂದಿನ ಎರಕ. ವರ್ಚುವಲ್ ಯಂತ್ರಕ್ಕೆ ಕಾರ್ಡುಗಳನ್ನು ನೇರವಾಗಿ ಒಪ್ಪಿಸುವ ವಿದ್ಯೆಯಲ್ಲಿ ಅದಕ್ಕೆ ದೋಷವಿತ್ತು. ‘ಕೆಎಕ್ಸ್’ ತಿದ್ದಿದ ಆವೃತ್ತಿ. “ಸಾರ್, ಓದೋದು ಆಮೇಲೆ ಓದಿ, ತಗೊಳ್ತೀರೋ ಇಲ್ವೋ?” ಎಂದರು ಅಂಗಡಿಯವರು. ಶಾಸನಶಾಸ್ತ್ರವನ್ನು ಇಷ್ಟು ನೇರವಾಗಿ ಯಾರೂ ಪ್ರಶ್ನಿಸಿರಲಿಲ್ಲ.

ತುಲನೆಗೆ ಆಯ್ದ ಇನ್ನೊಂದು ಕೃತಿ ಮಗಳ ಮ್ಯಾಕ್‌ಬುಕ್ ಏರ್‌ನಲ್ಲಿರುವ ಎಂ1. 2020ರ ನವೆಂಬರಿನದು. ಮೂಲಪ್ರತಿ ನೋಡಲೆಂದು ಸ್ಕ್ರೂಡ್ರೈವರ್ ಹಿಡಿದು ಹೋದಾಗ ಅವಳು “ಅಪ್ಪಾ, ಮುಟ್ಟಿದ್ರೆ ನೋಡು!” ಎಂದದ್ದರಿಂದ ಪಾಠಾಂತರಗಳನ್ನು ಗುರುತಿಸಲಾಗಿಲ್ಲ.

ಎರಡರಲ್ಲೂ ಎಂಟೆಂಟು ಕೋರ್‌ಗಳು. ಅಷ್ಟದಿಕ್ಪಾಲಕರು ಕ್ಯಾಲಿಫೋರ್ನಿಯಕ್ಕೆ ಯಾವ ಮಾರ್ಗವಾಗಿ ಹೋದರೆಂಬುದು ಪ್ರತ್ಯೇಕ ಸಂಪುಟದ ವಿಷಯ. ಜಿಯಾನಿನ ಎಂಟೂ ಸಮಬಲರು. ಹೈಪರ್‌ಥ್ರೆಡಿಂಗಿನ ದೆಸೆಯಿಂದ ಒಬ್ಬೊಬ್ಬರದೂ ದ್ವಿಪಾತ್ರ. ಆಪರೇಟಿಂಗ್ ಸಿಸ್ಟಂ ಹದಿನಾರು ತಲೆ ಎಣಿಸಿ ಹದಿನಾರು ಎಲೆ ಹಾಕಿಸುತ್ತದೆ, ಪಂಕ್ತಿಯಲ್ಲಿ ಕೂರುವವರು ಎಂಟೇ. ಎಂ1ನಲ್ಲಿ ನಾಲ್ವರು ಪೈಲ್ವಾನರು, ನಾಲ್ವರು ಮಿತಾಹಾರಿಗಳು. ಮೇಲ್ ನೋಡುವಂಥ ಚಿಲ್ಲರೆ ಕೆಲಸವೆಲ್ಲ ಮಿತಾಹಾರಿಗಳಿಗೆ, ಆಗ ಪೈಲ್ವಾನರು ಮಲಗಿರುತ್ತಾರೆ. ನಮ್ಮ ಮನೆಯ ವ್ಯವಸ್ಥೆಯೂ ಇದೇ ಎಂದು ಮಡದಿಯ ಟಿಪ್ಪಣಿ.

ಟರ್ಬೊ ಏರಿದ ಜಿಯಾನಿನ ಗಡಿಯಾರ 3.3 ಗಿಗಾಹರ್ಟ್ಸ್, ಎಂ1ನದು 3.2. ಇದನ್ನೇ ಪ್ರಮಾಣವೆಂದು ಹಿಡಿದು ಜಿಯಾನಿನ ವಿಜಯದ ಬಗ್ಗೆ ಒಂದು ಅಧ್ಯಾಯ ಬರೆದಿದ್ದೆ, ಹರಿದು ಹಾಕಬೇಕಾಯಿತು. ಗಿಗಾಹರ್ಟ್ಸ್ ಹೇಳುವುದು ಎಷ್ಟು ಹೆಜ್ಜೆ ಎಂದು, ಹೆಜ್ಜೆ ಎಷ್ಟುದ್ದ ಎಂದಲ್ಲ. ಜಿಯಾನ್ ಒಂದು ಹೆಜ್ಜೆಗೆ ನಾಲ್ಕು ಆದೇಶ ಬಿಡಿಸಿ ಓದಿದರೆ ಎಂ1 ಎಂಟು ಓದುತ್ತದೆ. ಒಂಟಿ ಎಳೆಯ ಕೆಲಸದಲ್ಲಿ ಅದರ ವೇಗ ಎರಡು ಪಟ್ಟಿಗೂ ಮಿಕ್ಕಿದ್ದು.

ಸ್ಮೃತಿಯ ವಿಷಯದಲ್ಲಿ ಹಳಬನೇ ಘನಪಾಠಿ: ಒಂದೊಂದು ಜಿಯಾನ್ 384 ಜಿಬಿ ಹೊರಬಲ್ಲದು, ಎಂ1 16ಕ್ಕೇ ಸುಸ್ತು. ಮೇಲಾಗಿ ಜಿಯಾನಿಗೆ ಇಸಿಸಿ ಎಂಬ ಗ್ರಂಥಸಂಪಾದಕನಿದ್ದಾನೆ. ಒಂದು ಬಿಟ್ ತಪ್ಪಿದರೆ ಸದ್ದಿಲ್ಲದೆ ತಿದ್ದುತ್ತಾನೆ, ಎರಡು ತಪ್ಪಿದರೆ ಪಾಠ ಕೆಟ್ಟಿದೆಯೆಂದು ಕೂಗುತ್ತಾನೆ. ನನ್ನ ಪಿಎಚ್.ಡಿ. ಪ್ರಬಂಧದ ಕರಡಿಗೆ ಇಂಥವನು ಸಿಗಲಿಲ್ಲ.

ಇನ್ನು ವಿದ್ಯುತ್ ಮೀಮಾಂಸೆ. ಜಿಯಾನಿಗೆ ನಿಗದಿಯಾದ ಶಾಖದ ಮಿತಿ 115 ವಾಟ್. ಜೋಡಿಯೂ ಹಗಲಿರುಳು ಅಷ್ಟೇ ಉಂಡರೆ ಮೂವತ್ತು ದಿನಕ್ಕೆ 165.6 ಯೂನಿಟ್. ಗೃಹಜ್ಯೋತಿಯಲ್ಲಿ 200ರವರೆಗೆ ಉಚಿತವೆಂಬುದು ನನ್ನ ಪೂರ್ವಪಕ್ಷ. ಹಿಂದಿನ ಸರಾಸರಿಗೆ ಶೇ. 10 ಕೂಡಿಸಿದಷ್ಟೇ ಉಚಿತವೆಂದು ಬಿಲ್ಲಿನ ಪ್ರಮಾಣ ಸಹಿತ ಮಡದಿಯ ಸಿದ್ಧಾಂತ.

ಕೊನೆಗೆ ಪ್ರಯೋಗ. ತಮ್ಮನ ಮದುವೆಯ ವಿಡಿಯೊವನ್ನು ಕುಗ್ಗಿಸಲು ಎರಡಕ್ಕೂ ಒಟ್ಟಿಗೆ ಕೊಟ್ಟೆ. ಜೋಡಿ ಜಿಯಾನಿನ ಫ್ಯಾನುಗಳ ಭೋರ್ಗರೆತಕ್ಕೆ ಪಕ್ಕದ ಮನೆಯವರು ಇಣುಕಿದರು. ಫ್ಯಾನೇ ಇಲ್ಲದ ಎಂ1 ಮಗಳ ಮಡಿಲಲ್ಲಿ ಸುಮ್ಮನೆ ಕೂತಿತ್ತು. ಆದರೂ ನನ್ನ ಹದಿನಾರು ಕೋರ್‌ಗಳು ಧಾರೆಗೆ ಬಂದಾಗ ಅದಿನ್ನೂ ಕಾಶಿಯಾತ್ರೆಯಲ್ಲಿತ್ತು. ಫಲಿತಾಂಶ ದಾಖಲಿಸಲು ಪೆನ್ನೆತ್ತಿದೆ, ಕರೆಂಟು ಹೋಯಿತು. ಕತ್ತಲಲ್ಲಿ ಮಗಳ ಮುಖ ಮಾತ್ರ ಬೆಳಗುತ್ತಿತ್ತು. “ಅಪ್ಪಾ, ಚಿಕ್ಕಪ್ಪ ಮಂಟಪಕ್ಕೆ ಬಂದ್ರು...”

(ಇಲ್ಲಿಂದ ಮುಂದೆ ಶಾಸನ ತ್ರುಟಿತ.)