ಸ್ಥಾಯಿ-ಸಂಚಾರಿ ವಿಚಾರ: ಗಿಲ್ಲೆಸುಗೂರು ಬಸ್ ನಿಲ್ದಾಣದ ಒಂದು ಪ್ರಮೇಯ

ಮನಸ್ಸಿನಲ್ಲಿ ನೆಲೆನಿಂತು ರಸವಾಗಿ ಮಾಗುವ ಭಾವಕ್ಕೆ ಅಲಂಕಾರಶಾಸ್ತ್ರದಲ್ಲಿ ಸ್ಥಾಯಿಯೆಂದೂ, ಅಲೆಯಂತೆ ಎದ್ದು ಅಡಗುವ ಭಾವಕ್ಕೆ ಸಂಚಾರಿಯೆಂದೂ ಹೆಸರು. ಭರತನ ನಾಟ್ಯಶಾಸ್ತ್ರವು ಸ್ಥಾಯಿಗಳನ್ನು 8, ಸಂಚಾರಿಗಳನ್ನು 33 ಎಂದು ಎಣಿಸಿದ್ದು, ಎರಡನೆಯವಕ್ಕೆ ವ್ಯಭಿಚಾರಿ ಎಂಬ ಹೆಸರೂ ಇರುವುದರಿಂದ, ನಿಲ್ಲುವವರಿಗಿಂತ ಅಲೆಯುವವರು ನಾಲ್ಕು ಪಟ್ಟು ಹೆಚ್ಚೆಂಬುದು ಮುನಿಗೆ ತಿಳಿದಿತ್ತೆಂದೇ ಊಹಿಸಬೇಕಾಗುತ್ತದೆ. ಸ್ಥಾಯಿಯನ್ನು ಬಯಸುವ ನಾಯಿಕೆಗೆ ಸಂಚಾರಿ ನಾಯಕನು ಗಂಟುಬಿದ್ದಾಗ ಒದಗುವ ರಸಭಂಗವೇ ಪ್ರಸ್ತುತ ಪ್ರಬಂಧದ ವಿಷಯ.

ಗಿಲ್ಲೆಸುಗೂರಿನ ಬಸ್ ನಿಲ್ದಾಣದಲ್ಲಿ ಒಗ್ಗರಣಿಯ ಪೊಟ್ಟಣದೊಳಗೆ ಉಳಿದ ಒಂದೇ ಮಿರ್ಚಿಯನ್ನು ಮುರಿದು ದೊಡ್ಡ ತುಂಡನ್ನೇ ನಾಯಿಕೆಗೆ ಕೊಡುವ ನಾಯಕನು, ‘ಮನ್ಯಾಗ ಯಾವಾಗ ಮಾತಾಡ್ತಿ?’ ಎಂಬ ಪ್ರಶ್ನೆ ಬಂದೊಡನೆ, ಇನ್ನೂ ಬಾರದ ರಾಯಚೂರು ಬಸ್ಸಿನತ್ತ ಕತ್ತು ಚಾಚಿ ‘ನೋಡೂಣು’ ಎನ್ನುತ್ತಾನೆ. ಈ ಪದವು ರೂಪದಲ್ಲಿ ವಿಧ್ಯರ್ಥಕ, ಅಂದರೆ ಆಜ್ಞೆ ಅಥವಾ ಆಶಯವನ್ನು ಸೂಚಿಸುವಂಥದು. ನಾಯಿಕೆಯು ಅದನ್ನು ಸಂಭಾವನಾರ್ಥಕವೆಂದು, ಅಂದರೆ ‘ಆದೀತು’ ಎಂಬರ್ಥದಲ್ಲಿ ಗ್ರಹಿಸುತ್ತಾಳೆ. ಪ್ರಯೋಗದಲ್ಲಾದರೋ ಅದು ಶುದ್ಧ ನಿಷೇಧಾರ್ಥಕ.

ಇಂಥ ನಾಯಕನು ತುಂಗಭದ್ರಾ ಎಡದಂಡೆ ಕಾಲುವೆಯಂತೆ, ಮೇಲ್ಭಾಗದಲ್ಲಿ ತುಂಬಿ ಹರಿದು ಮಾನ್ವಿ, ರಾಯಚೂರಿನ ಕೊನೆಭಾಗಕ್ಕೆ ಬರುವಷ್ಟರಲ್ಲಿ ಸೊರಗುತ್ತಾನೆಂಬ ಪೂರ್ವಪಕ್ಷವುಂಟು. ಪೂರ್ವಪಕ್ಷವೆಂದರೆ ಖಂಡಿಸುವುದಕ್ಕಾಗಿಯೇ ಮುಂದಿಡುವ ವಾದ. ಕಾಲುವೆಯ ವಿಷಯದಲ್ಲಿ ನೀರಾವರಿ ಸಲಹಾ ಸಮಿತಿಯು ಸಭೆ ಸೇರಿ ನೀರು ಬಿಡುವ ದಿನದೊಂದಿಗೆ ನಿಲ್ಲಿಸುವ ದಿನವನ್ನೂ ಮೊದಲೇ ಸಾರುವುದರಿಂದ, ಈ ಹೋಲಿಕೆಯು ಕಾಲುವೆಗೆ ಮಾಡುವ ಅವಮಾನವಾಗುತ್ತದೆ.

ಇತಿಹಾಸದ ಸಾಕ್ಷ್ಯವೂ ಈ ಸೀಮೆಯಲ್ಲೇ ದೊರೆಯುತ್ತದೆ. ಇತಿಹಾಸಕಾರ ಫರಿಷ್ತಾ ಹೇಳುವಂತೆ, 1406ರಲ್ಲಿ ವಿಜಯನಗರದ ಒಂದನೆಯ ದೇವರಾಯನು ಕಳಿಸಿದ ಸಂಬಂಧವನ್ನು ಮುದಗಲ್ಲಿನ ಅಕ್ಕಸಾಲಿಗನ ಮಗಳು, ಆ ಅರಮನೆ ಹೊಕ್ಕವಳು ಮತ್ತೆ ತಂದೆತಾಯಿಯ ಮುಖ ಕಾಣುವಂತಿಲ್ಲವೆಂದು ನಿರಾಕರಿಸಿದಳು. ಅಂತಃಪುರದಲ್ಲಿ ರಾಣಿಯ ವಾಸವು ಸ್ಥಾಯಿ, ರಾಜನ ಆಗಮನವು ಸಂಚಾರಿ ಎಂಬ ಸೂಕ್ಷ್ಮವನ್ನು ಅವಳು ಯಾವ ಶಾಸ್ತ್ರವನ್ನೂ ಓದದೆ ಗ್ರಹಿಸಿದ್ದಳೆನ್ನಬೇಕು. ದೇವರಾಯನ ದಂಡು ತುಂಗಭದ್ರೆಯನ್ನು ದಾಟಿ ಬರುವಷ್ಟರಲ್ಲಿ ಆ ಮನೆಯವರು ಊರನ್ನೇ ಬಿಟ್ಟಿದ್ದರು.

ಇದರಿಂದ ಸಿದ್ಧಿಸುವ ಪ್ರಮೇಯವಿಷ್ಟು: ಬಸ್ಸು ಬಂದು, ನಾಯಿಕೆಯು ಹತ್ತಿ, ಕಿಟಕಿಯ ಸೀಟು ಹಿಡಿದು ಹೊರಟುಹೋದ ಮೇಲೂ ನಾಯಕನು ಕೈಯಲ್ಲಿ ಎಣ್ಣೆಗಾಗದ ಹಿಡಿದು ನಿಲ್ದಾಣದಲ್ಲೇ ನಿಂತಿರುವುದು ಕಂಡುಬರುವುದರಿಂದ, ಸಂಚಾರಿಯೂ ಸ್ಥಾಯಿಯಾಗಬಲ್ಲನು; ಆದರೆ ಒಬ್ಬನೇ.