ನಮ್ಮವನೊಬ್ಬ ಇದ್ದಾನೆ

ಪ್ರತಿ ಬಡಾವಣೆಗೂ ಒಂದು ಗಣಪತಿ ದೇವಸ್ಥಾನ, ಒಂದು ಕಾಂಡಿಮೆಂಟ್ಸ್ ಅಂಗಡಿ ಮತ್ತು 'ನಮ್ಮವನೊಬ್ಬ ಇದ್ದಾನೆ' ಎನ್ನುವ ಒಬ್ಬ ಮಹನೀಯರು ಇದ್ದೇ ಇರುತ್ತಾರೆ. ಮೊದಲಿನ ಎರಡಕ್ಕೆ ನಾವಾಗಿ ಹೋಗಬೇಕು. ಮೂರನೆಯವರು ತಾವಾಗಿ ಬರುತ್ತಾರೆ. ನಿಮ್ಮ ಮನೆಯ ಗೀಸರ್ ಕೆಟ್ಟ ಸುದ್ದಿ ಸ್ನಾನಕ್ಕೆ ಇಳಿದವರಿಗಿಂತ ಮೊದಲು ಅವರಿಗೆ ತಿಳಿದಿರುತ್ತದೆ.

ನಮ್ಮ ಪಾಲಿಗೆ ಬಂದವರು ಎದುರುಮನೆಯ ರಾಯರು. ಸರ್ಕಾರಿ ಲೆಕ್ಕಪತ್ರದ ಕಚೇರಿಯಿಂದ ನಿವೃತ್ತರಾದವರು. ಲೆಕ್ಕ ಮಾತ್ರ ಇನ್ನೂ ನಿವೃತ್ತವಾಗಿಲ್ಲ. ಅವರ ಫೋನಿನಲ್ಲಿ ಮನುಷ್ಯರಿಗೆ ಹೆಸರಿಲ್ಲ, ಕಸುಬಿದೆ: 'ಸಂಪು ಕ್ಲೀನಿಂಗ್', 'ಮಿಕ್ಸಿ ಬ್ಲೇಡು', 'ಖಾತೆ ಎರಡನೇ ಮಹಡಿ', 'ಪುರೋಹಿತರು ಶುಭ', 'ಪುರೋಹಿತರು ಅಪರ'. ಹುಟ್ಟಿನಿಂದ ಹದಿಮೂರನೆಯ ದಿನದವರೆಗೆ ಮನುಷ್ಯನಿಗೆ ಬೇಕಾದ್ದೆಲ್ಲ ಅದರಲ್ಲಿದೆ. ಎಂಆರ್‌ಪಿ ಕೊಟ್ಟು ಏನನ್ನಾದರೂ ಕೊಂಡವನನ್ನು ಕಂಡರೆ ಅವರಿಗೆ ಕೋಪ ಬರುವುದಿಲ್ಲ, ಕನಿಕರ ಬರುತ್ತದೆ. ಆ ಕನಿಕರವನ್ನು ತಡೆದುಕೊಳ್ಳುವುದು ಕಷ್ಟ.

ನಾನು ಅವರಿಗೆ ಹೇಳಿ ಮಾಡಿಸಿದ ಗಿರಾಕಿ. ಈ ಊರಿನಲ್ಲಿ ಇಷ್ಟು ವರ್ಷ ಬಾಳಿದರೂ ನನಗೆ 'ನಮ್ಮವನು' ಅಂತ ಒಬ್ಬನೂ ಇಲ್ಲ. ತಿಂಗಳಿಗೊಮ್ಮೆ ತಲೆ ಒಪ್ಪಿಸುವ ಕ್ಷೌರಿಕ ಕೂಡ ಪ್ರತಿ ಸಲ "ಮೊದಲ್ನೇ ಸಲಾನಾ ಸಾರ್?" ಎಂದೇ ಕೇಳುತ್ತಾನೆ. ಹೀಗಿರುವಾಗ, ತುಮಕೂರು ರಸ್ತೆಯಲ್ಲಿ ಜಲ್ಲಿ ತುಂಬಿದ ಟಿಪ್ಪರೊಂದು ಒಂದೇ ಒಂದು ಕಲ್ಲನ್ನು ನನಗೆಂದು ಆರಿಸಿ ಎಸೆದು, ಕಾರಿನ ಮುಂಗಾಜಿನ ಮೇಲೆ ಸಣ್ಣ ಚುಕ್ಕೆ ಮೂಡಿದ ದಿನವೇ ನಾನು ರಾಯರ ಸೊತ್ತಾದೆ.

ಚುಕ್ಕೆ ಚುಕ್ಕೆಯಾಗಿಯೇ ಇರುವಾಗ ಅದಕ್ಕೆ ರೆಸಿನ್ ತುಂಬಿಸಿ, ನೇರಳಾತೀತ ದೀಪ ಹಿಡಿದು ಗಟ್ಟಿ ಮಾಡುವವರಿದ್ದಾರೆ. ಗಾಜು ಬದಲಿಸುವ ಪ್ರಮೇಯವೇ ತಪ್ಪುತ್ತದೆ. ಹೀಗೆಂದು ನಾನು ಬಾಯಿ ತೆರೆಯುವ ಮೊದಲೇ ರಾಯರು ಅಡುಗೆಮನೆಯ ಕಡೆ ತಿರುಗಿ, "ಅಮ್ಮಾ, ಬಣ್ಣ ಇಲ್ಲದ್ದು ನೇಲ್ ಪಾಲಿಶ್ ಇದ್ಯಾ?" ಎಂದು ಕೂಗಿಯಾಗಿತ್ತು. ಒಂದು ಶೀಶೆ ಪೂರ್ತಿ ಬಳಿದರು. ಮಾರನೆಯ ದಿನ ಬಿಸಿಲಿಗೆ ಕಾದ ಗಾಜಿಗೆ ಒಳಗಿನಿಂದ ಏಸಿಯ ತಣ್ಣನೆ ಗಾಳಿ ತಗುಲಿತು. ಗಾಜಿಗೆ ಆ ಥಂಡಿ-ಬಿಸಿಯ ಎಳೆದಾಟ ಆಗಿಬರುವುದಿಲ್ಲ. ಚುಕ್ಕೆಗೆ ಬಾಲ ಮೂಡಿತು.

ರಾಯರು ಧೃತಿಗೆಡಲಿಲ್ಲ. ದಿನಾ ಬೆಳಿಗ್ಗೆ ಹಾಲಿನ ಪ್ಯಾಕೆಟ್ ತರುವ ದಾರಿಯಲ್ಲಿ ಮಾರ್ಕರ್ ಪೆನ್ನು ಹಿಡಿದು ಬಂದು, ಬಿರುಕಿನ ತುದಿಗೆ ಅಡ್ಡಗೆರೆ ಎಳೆದು ತಾರೀಖು ಬರೆಯತೊಡಗಿದರು. "ಬರೀ ಅರ್ಧ ಇಂಚು ರೀ. ನಿಧಾನಕ್ಕೆ ನಿಂತ್ಹೋಗತ್ತೆ." ಭಾನುವಾರದ ಹೊತ್ತಿಗೆ ನನ್ನ ಗಾಜು ಉಪನದಿಗಳ ಸಮೇತ ಕಾವೇರಿ ಕೊಳ್ಳದ ನಕ್ಷೆಯಾಗಿತ್ತು.

ಇನ್ಶೂರೆನ್ಸ್ ಇದೆಯಲ್ಲ, ಶೋರೂಮಿಗೇ ಬಿಡುತ್ತೇನೆ ಎಂದು ಹೇಳಿನೋಡಿದೆ. ಗಾಜಿಗೆ ಸವಕಳಿ ಕಡಿತವಿಲ್ಲ, 1500 ಸಿಸಿ ದಾಟದ ಕಾರಾದ್ದರಿಂದ ಕೈಯಿಂದ ಕಟ್ಟಬೇಕಾದ್ದು ಹೆಚ್ಚೆಂದರೆ ಸಾವಿರ ರೂಪಾಯಿ ಎಂದು ನಾನೂ ಓದಿಕೊಂಡಿದ್ದೆ. ರಾಯರು ಯಾರದ್ದೋ ಗೃಹಪ್ರವೇಶದ ಆಹ್ವಾನ ಪತ್ರಿಕೆಯನ್ನು ಬೋರಲು ಹಾಕಿ ಲೆಕ್ಕ ಹಾಕಿದರು. "ನೋ ಕ್ಲೇಮ್ ಬೋನಸ್ ಎಷ್ಟಕ್ಕೆ ಬಂದಿದೆ? ಐವತ್ತು ಪರ್ಸೆಂಟಾ? ಮೊದಲ ವರ್ಷ 20, ಆಮೇಲೆ 25, 35, 45, ಐದನೇ ವರ್ಷಕ್ಕೆ 50. ಐದು ವರ್ಷ ತಪಸ್ಸು ಮಾಡಿದೀರಿ. ಒಂದು ಗಾಜಿಗೆ ಕ್ಲೇಮ್ ಮಾಡಿದ್ರೆ ಸೊನ್ನೆಗೆ ಬಂದು ನಿಲ್ತೀರಿ. ಮತ್ತೆ ಮೇಲೆ ಹತ್ತೋದ್ರೊಳಗೆ ಎಷ್ಟು ಕಟ್ತೀರಿ ನೋಡಿ." ಅಡಿಗೆರೆ ಎಳೆದು ಮೊತ್ತ ತೋರಿಸಿದರು. ಗಾಜಿನ ಬೆಲೆಗಿಂತ ಅದೇ ಹೆಚ್ಚಿತ್ತು. ಈ ವರ್ಗದ ಜನರ ಮೇಲೆ ನಿಜವಾದ ಸಿಟ್ಟು ಬರುವುದು ಅವರು ತಪ್ಪು ಹೇಳಿದಾಗಲ್ಲ, ಹೀಗೆ ಸರಿಯಾಗಿ ಹೇಳಿದಾಗ.

"ಜೆ.ಸಿ. ರೋಡಲ್ಲಿ ನಮ್ಮವನೊಬ್ಬ ಇದ್ದಾನೆ" ಎಂದರು. ಆ ಮಾತು ಬಂದ ಮೇಲೆ ತೀರ್ಪು ಬಂದ ಹಾಗೆ. ಮೇಲ್ಮನವಿ ಇಲ್ಲ.

ಟೌನ್‌ಹಾಲಿನಿಂದ ಮಿನರ್ವ ವೃತ್ತದ ಕಡೆಗೆ ಹೋಗುವ ಆ ರಸ್ತೆಯಲ್ಲಿ, ರವೀಂದ್ರ ಕಲಾಕ್ಷೇತ್ರದ ನಾಟಕಗಳನ್ನು ಬಿಟ್ಟರೆ ಉಳಿದದ್ದೆಲ್ಲ ವಾಹನದ್ದೇ ವ್ಯವಹಾರ. ಬಂಪರ್, ಸೀಟ್ ಕವರ್, ಹಾರನ್, ಗಾಜು. ಕಾರು ನಿಧಾನ ಮಾಡಿದರೆ ಸಾಕು, ಹುಡುಗರು ಓಡಿಬಂದು ಕಿಟಕಿಗೆ ತಲೆ ಹಾಕುತ್ತಾರೆ. ರಾಯರು ಅವರನ್ನೆಲ್ಲ ಕೈಯಾಡಿಸಿ ದಾಟಿಸಿ, "ಮುಂದೆ, ಮುಂದೆ, ಇನ್ನೂ ಮುಂದೆ" ಎನ್ನುತ್ತ ಒಂದು ಕಿರಿದಾದ ಅಂಗಡಿಯ ಮುಂದೆ ನಿಲ್ಲಿಸಿದರು. ಅಲ್ಲಿ ಅವರ 'ನಮ್ಮವನು' ಊಟಕ್ಕೆ ಹೋಗಿದ್ದ. ಕಾದೆವು. ನಮ್ಮವನಿಗಾಗಿ ಕಾಯುವುದು ಕಾಯುವುದಲ್ಲ, ಅದೊಂದು ಸಲಿಗೆ ಎಂಬುದು ರಾಯರ ಸಿದ್ಧಾಂತ.

ಕೆಲಸ ಶುರುವಾದಾಗ ನಿಜವಾದ ಕಷ್ಟ ಶುರುವಾಯಿತು, ನನಗಲ್ಲ, ಫಿಟ್ಟರ್ ಹುಡುಗನಿಗೆ. ಒಬ್ಬ ಕಾರಿನೊಳಗೆ, ಒಬ್ಬ ಹೊರಗೆ ನಿಂತು, ಹಳೆಯ ಅಂಟಿನೊಳಗೆ ಸಣ್ಣ ತಂತಿ ತೂರಿಸಿ ಗರಗಸದಂತೆ ಎಳೆದಾಡುತ್ತ ಗಾಜನ್ನು ಬಿಡಿಸುತ್ತಿದ್ದರು. ರಾಯರು ಇಬ್ಬರ ನಡುವೆ ನಿಂತು, "ಹುರಿ ಎಲ್ಲಪ್ಪಾ? ರಬ್ಬರ್ ಬೀಡಿಂಗ್ ಒಳಗೆ ಹುರಿ ಸುತ್ತಿ, ಒಳಗಿಂದ ಎಳೀಬೇಕು, ಬೀಡಿಂಗ್ ತಾನಾಗೇ ಕೂರತ್ತೆ" ಎಂದು ಅಂಬಾಸಿಡರ್ ಕಾಲದ ವಿಧಿಯನ್ನು ಬೋಧಿಸಿದರು. "ಸಾರ್, ಇದು ಬೀಡಿಂಗ್ ಅಲ್ಲ, ಪೇಸ್ಟಿಂಗ್ ಗ್ಲಾಸು" ಎಂದ ಹುಡುಗ. ಪಾಲಿಯುರೆಥೇನ್ ಅಂಟನ್ನು ಗನ್ನಿನಿಂದ ಸುತ್ತಲೂ ಹಚ್ಚಿ ಕೂರಿಸುತ್ತಾರೆ. ಬಾಡಿಯ ಬಲದಲ್ಲಿ ಈ ಗಾಜಿಗೂ ಪಾಲಿದೆ, ಎಷ್ಟೋ ಕಾರುಗಳಲ್ಲಿ ಪಕ್ಕದ ಸೀಟಿನ ಏರ್‌ಬ್ಯಾಗ್ ಉಬ್ಬುವಾಗ ಒರಗುವುದೂ ಇದಕ್ಕೇ ಎಂದು ಅವನು ತಾಳ್ಮೆಯಿಂದ ವಿವರಿಸಿದ. ರಾಯರು ಅಷ್ಟೇ ತಾಳ್ಮೆಯಿಂದ ಕೇಳಿ, ಐದು ನಿಮಿಷದ ನಂತರ ಅದನ್ನೇ ನನಗೆ ತಮ್ಮ ಮಾತಾಗಿ ಹೇಳಿದರು. ಹೊಸ ಗಾಜಿನ ಮೂಲೆಯಲ್ಲಿ ಐಎಸ್ಐ ಗುರುತು, ಕೆಳಗೆ ಐಎಸ್ 2553 ಎಂಬ ಸಂಖ್ಯೆ ಇದೆಯೇ ಎಂದು ಮಾತ್ರ ಕನ್ನಡಕ ಏರಿಸಿ ಓದಿದರು. ಅದು ನನಗೆ ಹೊಳೆದಿರಲಿಲ್ಲ.

ಅಂಟು ಬಿಗಿಯುವವರೆಗೆ ಪುರಾಣ. 1903ರಲ್ಲಿ ಫ್ರಾನ್ಸಿನ ಬೆನೆಡಿಕ್ಟಸ್ ಎಂಬ ರಸಾಯನ ವಿಜ್ಞಾನಿಯ ಪ್ರಯೋಗಶಾಲೆಯಲ್ಲಿ ಗಾಜಿನ ಬುಡ್ಡಿ ಕೆಳಗೆ ಬಿತ್ತಂತೆ. ಬಿರುಕು ಬಿಟ್ಟರೂ ಚೂರಾಗಲಿಲ್ಲವಂತೆ. ಒಳಗೆ ಆರಿ ಅಂಟಿಕೊಂಡಿದ್ದ ಸೆಲ್ಯುಲೋಸ್ ನೈಟ್ರೇಟ್ ಪದರ ಚೂರುಗಳನ್ನು ಹಿಡಿದಿಟ್ಟಿತ್ತು. ಎರಡು ಗಾಜಿನ ನಡುವೆ ಒಂದು ಪ್ಲಾಸ್ಟಿಕ್ ಹಾಳೆ ಎಂಬ ಇಂದಿನ ಮುಂಗಾಜಿನ ಉಪಾಯ ಅಲ್ಲಿಂದ ಬಂತು. 1909ರಲ್ಲಿ ಅದಕ್ಕೆ ಪೇಟೆಂಟೂ ಆಯಿತು. "ಪೇಟೆಂಟ್ ಆಫೀಸಲ್ಲಿ ಅವನಿಗೆ ಯಾರೋ ಗೊತ್ತಿರೋನು ಇದ್ದಿರಬೇಕು" ಎಂದು ರಾಯರು ಮುಗಿಸಿದರು.

ಹಣ ಕೊಡುವಾಗ ರಾಯರ ಚೌಕಾಸಿ ನೋಡಲು ನಾನು ಸಿದ್ಧನಾಗಿ ನಿಂತೆ. ಚೌಕಾಸಿಯೇ ಆಗಲಿಲ್ಲ. ಅಂಗಡಿಯಾತ ತಾನಾಗಿ ಒಂದಿಷ್ಟು ಇಳಿಸಿ ಬರೆದು, ರಾಯರನ್ನು ಪಕ್ಕಕ್ಕೆ ಕರೆದ. ಅವನ ತಾಯಿಯ ಪಿಂಚಣಿ ಎಲ್ಲೋ ಸಿಕ್ಕಿಬಿದ್ದಿತ್ತು. ರಾಯರು ಕಾಗದಗಳನ್ನು ತಿರುವಿಹಾಕಿ, ಯಾವ ಅರ್ಜಿ, ಯಾವ ಟೇಬಲ್ಲು ಎಂದು ಹೇಳಿ, "ಸೋಮವಾರ ನಾನೇ ಬರ್ತೀನಿ ನಡಿ" ಎಂದರು. ಆಮೇಲೆ ಅವನು ಫೋನಿನಲ್ಲಿ ಮನೆಗೆ ಹೇಳುತ್ತಿದ್ದುದು ನನ್ನ ಕಿವಿಗೆ ಬಿತ್ತು: "ಯೋಚ್ನೆ ಮಾಡ್ಬೇಡ. ನಮ್ಮೋರೊಬ್ರು ಇದಾರೆ."

ಇಷ್ಟು ದಿನ ನಾನು ಇದನ್ನು ಅಗ್ಗದ ಬೆಲೆಯ ಹುಚ್ಚು ಎಂದುಕೊಂಡಿದ್ದೆ. ಅದು ಹಳೆಯ ಕಿರಾಣಿ ಅಂಗಡಿಯ ಲೆಕ್ಕದ ಪುಸ್ತಕ; ಯಾರೂ ಪೂರ್ತಿ ತೀರಿಸುವುದಿಲ್ಲ, ತೀರಿಸಿದರೆ ನಂಟು ಹರಿಯುತ್ತದಲ್ಲ. ಈಗ ಆ್ಯಪ್‌ನಲ್ಲಿ ಬರೆದರೆ ಮನೆಬಾಗಿಲಿಗೇ ವ್ಯಾನು ಬಂದು ಗಾಜು ಹಾಕಿಹೋಗುತ್ತದೆ. ಅಚ್ಚುಕಟ್ಟಾದ ಕೆಲಸ, ರಸೀದಿ, ಐದು ನಕ್ಷತ್ರ. ಬಂದವನಿಗೆ ತಾಯಿ ಇದ್ದಾಳೋ ಇಲ್ಲವೋ ಕೇಳುವ ಅಗತ್ಯವಿಲ್ಲ. ಹಾಗೆಂದು ರಾಯರ ಲೋಕವೇ ಚೆಂದ ಎನ್ನಲೂ ಮನಸ್ಸು ಒಪ್ಪುವುದಿಲ್ಲ. ಯಾವ ಕಚೇರಿಯಲ್ಲೂ ತನ್ನವನಿಲ್ಲದವನ ಪಿಂಚಣಿ ಅಲ್ಲೇ ಕೂತಿರುತ್ತದೆ. ಎಲ್ಲರನ್ನೂ ಒಂದೇ ಸಮ ನೋಡುವ ವ್ಯವಸ್ಥೆಯೂ ಬೇಕು, ಬಂದವನ ಮುಖ ನೋಡಿ ಕುರ್ಚಿ ಎಳೆಯುವ ಮನುಷ್ಯನೂ ಬೇಕು. ಎರಡೂ ಒಂದೇ ಕಡೆ ಸಿಗುವ ಅಂಗಡಿ ಎಲ್ಲಿದೆಯೋ, ರಾಯರನ್ನೇ ಕೇಳಬೇಕು.

ಮುಂದಿನ ವಾರ ಅವರನ್ನೂ ಕೂರಿಸಿಕೊಂಡು ತುಮಕೂರಿಗೆ ಮದುವೆಗೆ ಹೊರಟೆ. ಟೋಲ್‌ನಲ್ಲಿ ಅಡ್ಡಕಂಬ ಮೇಲೇಳಲಿಲ್ಲ. ಹಳೆಯ ಗಾಜಿನ ಜೊತೆ ಫಾಸ್ಟ್ಯಾಗ್ ಹೋಗದಿರಲೆಂದು ರಾಯರು ಅದನ್ನು ಬ್ಲೇಡಿನಿಂದ ಕಿತ್ತು, ಹೊಸ ಗಾಜಿಗೆ ಸೆಲ್ಲೊಟೇಪು ಹಾಕಿ ಅಂಟಿಸಿದ್ದರು. ಒಮ್ಮೆ ಕಿತ್ತರೆ ಕೆಲಸ ಮಾಡಬಾರದೆಂದೇ ಅದನ್ನು ಮಾಡಿರುತ್ತಾರೆ. ಬ್ಯಾಂಕಿನಿಂದ ಹೊಸದೇ ಪಡೆಯಬೇಕು. ಹಿಂದಿನಿಂದ ಹಾರನ್‌ಗಳ ಮೇಳ ಶುರುವಾಯಿತು. ನಗದಿಗೆ ದುಪ್ಪಟ್ಟು ಎಂದ ಬೂತಿನ ಹುಡುಗ. ರಾಯರು ಇಳಿದು, ಯಾವೂರಪ್ಪಾ, ಯಾರ ಪೈಕಿ ಎಂದೆಲ್ಲ ವಿಚಾರಿಸಿದರು. ಹುಡುಗ ಗೌರವದಿಂದಲೇ ಎಲ್ಲಕ್ಕೂ ಉತ್ತರ ಕೊಟ್ಟು, ದುಪ್ಪಟ್ಟು ತೆಗೆದುಕೊಂಡೇ ಕಂಬ ಎತ್ತಿಸಿದ.

ಡಾಬಸ್‌ಪೇಟೆಯವರೆಗೆ ರಾಯರು ಮಾತಾಡಲಿಲ್ಲ. ನನಗೇ ಪಾಪ ಎನ್ನಿಸಿ ಸಮಾಧಾನ ಹೇಳಲು ಹೊರಟೆ. ಅವರು ಕೈಯೆತ್ತಿ ತಡೆದರು.

"ರೀ, ಆ ಕಂಬಗಳನ್ನ ಸರ್ವಿಸ್ ಮಾಡೋಕೆ ಯಾರಾದ್ರೂ ಬರ್ತಾರಲ್ವಾ?" ಎಂದು ಫೋನ್ ತೆಗೆದರು.